ಅಸ್ತ್ರ ನಮ್ಮದು, ಜುಟ್ಟು ಯಾರ ಕೈಯಲ್ಲಿ?

ನಾಗೊರ್ನೊ–ಕರಾಬಾಖ್ ಎಂಬ ಬೆಟ್ಟಸೀಮೆಗಾಗಿ 2020ರ ಸೆಪ್ಟೆಂಬರ್ 27ರಂದು ಅಝರ್‌ಬೈಜಾನ್ ಮತ್ತು ಅರ್ಮೇನಿಯದ ನಡುವೆ ಶುರುವಾದ ಯುದ್ಧ 44 ದಿನಗಳಲ್ಲಿ ಮುಗಿದುಹೋಯಿತು. ಸೋವಿಯತ್ ಕಾಲದ ಟ್ಯಾಂಕು, ಫಿರಂಗಿ, ವಿಮಾನ ನಿರೋಧಕ ಕ್ಷಿಪಣಿಗಳನ್ನು ನೆಚ್ಚಿಕೊಂಡಿದ್ದ ಅರ್ಮೇನಿಯದ ಪಡೆಗಳನ್ನು ಅಝರ್‌ಬೈಜಾನ್ ಆಕಾಶದಿಂದ ಒಂದೊಂದಾಗಿ ಆರಿಸಿ ಹೊಡೆಯಿತು. ಅದರ ಕೈಯಲ್ಲಿದ್ದದ್ದು ಟರ್ಕಿಯ ಬೈರಕ್ತಾರ್ ಟಿಬಿ2 ಡ್ರೋನು ಮತ್ತು ಗುರಿ ಸಿಗುವವರೆಗೆ ಆಕಾಶದಲ್ಲೇ ಸುತ್ತುತ್ತಿದ್ದು, ಸಿಕ್ಕೊಡನೆ ಮೇಲೆರಗಿ ತಾನೂ ಸಿಡಿದುಹೋಗುವ ಇಸ್ರೇಲಿನ ಹಾರೊಪ್. ಟ್ಯಾಂಕುಗಳು ಹೊತ್ತಿ ಉರಿಯುವ ವಿಡಿಯೊಗಳನ್ನು ಜಗತ್ತೆಲ್ಲ ನೋಡಿತು. ಅವನ್ನು ತೆಗೆದ ಕ್ಯಾಮೆರಾ ಎಲ್ಲಿಯದು ಎಂದು ವಿಚಾರಿಸಿದವರು ಕಡಿಮೆ. ಟಿಬಿ2ರ ಕಣ್ಣು ಟರ್ಕಿಯದಲ್ಲ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ತಯಾರಾಗುವ ವೆಸ್‌ಕ್ಯಾಮ್. ಅದರ ಎಂಜಿನ್ ಆಸ್ಟ್ರಿಯದ ರೋಟಾಕ್ಸ್. ಯುದ್ಧ ಇನ್ನೂ ನಡೆಯುತ್ತಿರುವಾಗಲೇ ಕೆನಡಾ ಆ ಕ್ಯಾಮೆರಾಗಳ ರಫ್ತನ್ನು ತಡೆಹಿಡಿಯಿತು, 2021ರ ಏಪ್ರಿಲ್‌ನಲ್ಲಿ ಪರವಾನಗಿಗಳನ್ನೇ ರದ್ದು ಮಾಡಿತು. ಅಷ್ಟರಲ್ಲಿ ಯುದ್ಧದ ಫಲಿತಾಂಶ ಬಂದಾಗಿತ್ತು. ಟರ್ಕಿ ತನ್ನದೇ ಕ್ಯಾಮೆರಾ ಜೋಡಿಸಿಕೊಳ್ಳುವ ಹಾದಿ ಹಿಡಿದಿತ್ತು. ಆದರೂ ವಿಷಯ ಅಲ್ಲಿಗೆ ತಣ್ಣಗಾಗಲಿಲ್ಲ. 2022ರಲ್ಲಿ ಸ್ವೀಡನ್ ನೇಟೊ ಸೇರಲು ಅರ್ಜಿ ಹಾಕಿದಾಗ ಟರ್ಕಿ ಅಡ್ಡಗಾಲು ಹಾಕಿತು. 2023ರ ಜುಲೈನಲ್ಲಿ ಟರ್ಕಿ ಮೆತ್ತಗಾದ ಬೆನ್ನಿಗೇ ಕೆನಡಾ ಡ್ರೋನ್ ಬಿಡಿಭಾಗಗಳ ಮಾತುಕತೆಗೆ ಮತ್ತೆ ಕೂತಿತು. 2024ರ ಜನವರಿಯಲ್ಲಿ ಟರ್ಕಿಯ ಸಂಸತ್ತು ಸ್ವೀಡನ್ನಿನ ಸದಸ್ಯತ್ವಕ್ಕೆ ಒಪ್ಪಿಗೆ ಕೊಟ್ಟಿತು, ಕೆನಡಾ ನಿರ್ಬಂಧ ಸಡಿಲಿಸಿತು, ಮಾರ್ಚ್‌ನಲ್ಲಿ ಸ್ವೀಡನ್ ನೇಟೊದೊಳಗೆ ಬಂತು. ಆ ಚೌಕಾಸಿಯಲ್ಲಿ ಅಮೆರಿಕದ ಎಫ್–16 ಯುದ್ಧವಿಮಾನಗಳೂ ಇದ್ದವು, ನಿಜ. ಆದರೆ ಡ್ರೋನಿನ ಹೊಟ್ಟೆಗೆ ನೇತುಹಾಕುವ ಒಂದು ಕ್ಯಾಮೆರಾ ಉತ್ತರ ಯುರೋಪಿನ ರಕ್ಷಣಾ ಮೈತ್ರಿಯ ಚೌಕಾಸಿಗೆ ಬಂದು ಕೂತದ್ದು ಹಿಂದೆ ಕಂಡ ಸಂಗತಿಯಲ್ಲ.

ಹೊಸ ಯುದ್ಧತಂತ್ರಜ್ಞಾನದ ಬಗ್ಗೆ ಈಗ ಎಲ್ಲ ಕಡೆ ಕೇಳಿಬರುವ ಮಾತೊಂದಿದೆ: ಅಗ್ಗದ ಡ್ರೋನು ಬಡವನನ್ನೂ ಬಲ್ಲಿದನನ್ನೂ ಒಂದೇ ಸಾಲಿಗೆ ತಂದು ನಿಲ್ಲಿಸಿತು, ಸಣ್ಣ ದೇಶಗಳಿಗೆ ಬಲ ಬಂತು, ದೊಡ್ಡ ಸೈನ್ಯಗಳ ಕಾಲ ಮುಗಿಯಿತು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅದರ ತದ್ವಿರುದ್ಧ. ಶಸ್ತ್ರ ಅಗ್ಗವಾದಷ್ಟೂ ಅದು ಸಾವಿರದ ಲೆಕ್ಕದಿಂದ ಲಕ್ಷದ ಲೆಕ್ಕಕ್ಕೆ ಏರುತ್ತದೆ. ಲಕ್ಷದ ಲೆಕ್ಕದಲ್ಲಿ ಬೇಕಾದಾಗ ಅದರ ಮೋಟರು, ಬ್ಯಾಟರಿ, ಚಿಪ್ಪು, ಅಯಸ್ಕಾಂತ, ಅದಕ್ಕೆ ದಾರಿ ತೋರುವ ಉಪಗ್ರಹ ಇವೆಲ್ಲ ಯಾರ ಹಿಡಿತದಲ್ಲಿವೆ ಎಂಬುದೇ ಮುಖ್ಯವಾಗುತ್ತದೆ. ಹೀಗಾಗಿ ಅಧಿಕಾರವು ಶಸ್ತ್ರ ಹಿಡಿದವನ ಕೈಯಿಂದ ಶಸ್ತ್ರಕ್ಕೆ ಜೀವ ಕೊಡುವವನ ಕೈಗೆ ಸರಿಯುತ್ತಿದೆ. ಯುದ್ಧ ಹೂಡುವುದು ಸುಲಭವಾಗಿದೆ, ಪರರ ಅನುಮತಿಯಿಲ್ಲದೆ ಅದನ್ನು ನಡೆಸಿಕೊಂಡು ಹೋಗುವುದು ಕಷ್ಟವಾಗಿದೆ. ನನ್ನ ವಾದ ಇಷ್ಟು.

ಮೊದಲು ಸತ್ಯದ ಅರ್ಧವನ್ನು ಪೂರ್ತಿಯಾಗಿ ಒಪ್ಪಿಕೊಳ್ಳೋಣ. ರಷ್ಯಾ ಉಕ್ರೇನಿನ ಮೇಲೆ ಸುರಿಯುತ್ತಿರುವ ಇರಾನ್ ಮೂಲದ ಶಾಹೆದ್–136 ಡ್ರೋನಿನ ಬೆಲೆಯನ್ನು ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ಡಾಲರ್ ಎಂದು ಅಂದಾಜಿಸುತ್ತಾರೆ. ಅಮೆರಿಕದ ಪೇಟ್ರಿಯಟ್ ವ್ಯವಸ್ಥೆಯ ಹೊಸ ಮಾದರಿಯ ಒಂದು ಕ್ಷಿಪಣಿಗೆ ಸುಮಾರು 40 ಲಕ್ಷ ಡಾಲರ್. ಹೊಡೆಯುವವನಿಗಿಂತ ತಡೆಯುವವನ ಖರ್ಚು ಹಲವು ಪಟ್ಟು ಹೆಚ್ಚಾದಾಗ, ತಡೆಯುವವನ ಗೋದಾಮು ಮೊದಲು ಬರಿದಾಗುತ್ತದೆ. ಇನ್ನೂ ಸಣ್ಣದು ಬೇಕೆಂದರೆ, ಸೈನಿಕನೊಬ್ಬ ಕಣ್ಣಿಗೆ ಕನ್ನಡಕದಂಥ ಪರದೆ ಕಟ್ಟಿಕೊಂಡು, ಡ್ರೋನಿನ ಕಣ್ಣಿನಿಂದಲೇ ನೋಡುತ್ತ ಹಾರಿಸುವ ಎಫ್‌ಪಿವಿ ಇದೆ. ಕೆಲವೇ ನೂರು ಡಾಲರಿನ ಆ ಆಟಿಕೆ ಕೋಟಿಗಟ್ಟಲೆ ರೂಪಾಯಿಯ ಟ್ಯಾಂಕನ್ನು ಸುಟ್ಟುಹಾಕಬಲ್ಲದು. 2025ರ ಜೂನ್ 1ರಂದು ಉಕ್ರೇನ್ ನಡೆಸಿದ ‘ಜೇಡರ ಬಲೆ’ ಕಾರ್ಯಾಚರಣೆಯಲ್ಲಿ ಲಾರಿಗಳ ಮೇಲಿನ ಮರದ ಗೂಡುಗಳೊಳಗೆ ಅಡಗಿಸಿಟ್ಟಿದ್ದ 117 ಡ್ರೋನುಗಳು ಹೊರಟು, ಗಡಿಯಿಂದ ಸಾವಿರಾರು ಕಿಲೋಮೀಟರ್ ದೂರದ ಸೈಬೀರಿಯದ ಬೆಲಾಯಾ ಸೇರಿದಂತೆ ರಷ್ಯಾದ ವಾಯುನೆಲೆಗಳ ಮೇಲೆ ಎರಗಿದವು. ನಷ್ಟವಾದ ವಿಮಾನಗಳ ಸಂಖ್ಯೆಯಲ್ಲಿ ಉಕ್ರೇನಿನ ಲೆಕ್ಕಕ್ಕೂ ಅಮೆರಿಕದ ಅಂದಾಜಿಗೂ ದೊಡ್ಡ ಅಂತರವಿದೆ. ಆದರೆ ಅಣ್ವಸ್ತ್ರ ಹೊರಬಲ್ಲ ಬಾಂಬರ್‌ಗಳು ತಮ್ಮ ದೇಶದ ಒಡಲಲ್ಲೇ ನಿಂತಲ್ಲಿ ನಿಂತಂತೆ ಉರಿದವು ಎಂಬುದರಲ್ಲಿ ಅನುಮಾನವಿಲ್ಲ. ನೌಕಾಪಡೆಯೇ ಇಲ್ಲದಂತಾಗಿದ್ದ ಉಕ್ರೇನ್ ಕಡಲ ಡ್ರೋನು ಮತ್ತು ಕ್ಷಿಪಣಿಗಳಿಂದ ರಷ್ಯಾದ ಕಪ್ಪುಸಮುದ್ರದ ಪಡೆಯನ್ನು ಪೂರ್ವದ ಬಂದರುಗಳಿಗೆ ಸರಿಯುವಂತೆ ಮಾಡಿತು. ಇದನ್ನೆಲ್ಲ ಕಂಡೂ ಹಳೆಯ ಸೈನಿಕ ಲೆಕ್ಕಾಚಾರ ಮಾರ್ಪಟ್ಟಿಲ್ಲ ಎನ್ನುವವರು ಕಣ್ಣು ಮುಚ್ಚಿಕೊಂಡವರು.

ಆದರೆ ಒಂದು ದಿನದ ಸಾಹಸ ಬೇರೆ, ವರ್ಷಗಟ್ಟಲೆಯ ಯುದ್ಧ ಬೇರೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ರಕ್ಷಣಾ ಅಧ್ಯಯನ ಸಂಸ್ಥೆ ರೂಸಿ, ಉಕ್ರೇನ್ ತಿಂಗಳಿಗೆ ಸುಮಾರು 10 ಸಾವಿರ ಡ್ರೋನುಗಳನ್ನು ಕಳೆದುಕೊಳ್ಳುತ್ತಿದೆ ಎಂದು ಲೆಕ್ಕ ಹಾಕಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಧ್ಯಕ್ಷ ಝೆಲೆನ್‌ಸ್ಕಿ ಮುಂದಿನ ವರ್ಷ 10 ಲಕ್ಷ ಡ್ರೋನು ತಯಾರಿಸುತ್ತೇವೆ ಎಂದರು. ಆ ಗುರಿಯನ್ನು ದಾಟಿದೆವೆಂದು ಉಕ್ರೇನ್ ಹೇಳಿಕೊಂಡಿತು. ಹಳ್ಳಿಯ ಕೊಟ್ಟಿಗೆಗಳಲ್ಲಿ, ನಗರದ ನೆಲಮಾಳಿಗೆಗಳಲ್ಲಿ ಅವನ್ನು ಜೋಡಿಸಿದವರ ಜಾಣ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಜೋಡಿಸಿದ್ದು ಏನನ್ನು? ಮೋಟರಿನ ಅಯಸ್ಕಾಂತ, ಲಿಥಿಯಂ ಬ್ಯಾಟರಿ, ಕ್ಯಾಮೆರಾ, ಹಾರಾಟ ನಿಯಂತ್ರಿಸುವ ಫಲಕದ ಚಿಪ್ಪು ಇವುಗಳಲ್ಲಿ ಬಹುಪಾಲು ಚೀನಾದಿಂದ ಬಂದವು. ಎದುರು ಪಾಳಯದಲ್ಲೂ ಅದೇ ಕಥೆ. ಜಗತ್ತಿನ ನಾಗರಿಕ ಡ್ರೋನ್ ಮಾರುಕಟ್ಟೆಯ ಸಿಂಹಪಾಲು ಹೊಂದಿರುವ ಶೆನ್ಝೆನ್‌ನ ಡಿಜೆಐ 2022ರ ಏಪ್ರಿಲ್‌ನಲ್ಲಿ ಎರಡೂ ದೇಶಗಳಲ್ಲಿ ವ್ಯಾಪಾರ ನಿಲ್ಲಿಸಿರುವುದಾಗಿ ಸಾರಿತು. ಆಮೇಲೂ ಅದರ ಮೇವಿಕ್ ಡ್ರೋನುಗಳು ಬೇರೆ ಬೇರೆ ದೇಶಗಳ ಅಂಗಡಿಗಳ ಮೂಲಕ ಎರಡೂ ಕಡೆಯ ಕಂದಕಗಳನ್ನು ತಲುಪುತ್ತಲೇ ಇದ್ದವು. ನಮ್ಮೂರಿನ ಮದುವೆ ಮಂಟಪದ ಮೇಲೆ ಹಾರಾಡುವ ಡ್ರೋನಿಗೂ ಉಕ್ರೇನಿನ ಬಖ್ಮುತ್‌ನ ಮೇಲೆ ಹಾರಾಡಿ ಫಿರಂಗಿಗೆ ಗುರಿ ತೋರಿಸಿದ ಡ್ರೋನಿಗೂ ಯಂತ್ರವಾಗಿ ಹೆಚ್ಚು ವ್ಯತ್ಯಾಸವಿಲ್ಲ. 2023ರ ಸೆಪ್ಟೆಂಬರ್ 1ರಿಂದ ಚೀನಾ ಡ್ರೋನು ಮತ್ತು ಅದರ ಕೆಲವು ಬಿಡಿಭಾಗಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಯುದ್ಧದಲ್ಲಿ ಪಾಲ್ಗೊಳ್ಳದ, ಎರಡೂ ಕಡೆಗೆ ಸಮಾಧಾನದ ಮಾತಾಡುವ ದೇಶವೊಂದು ಎರಡೂ ಸೈನ್ಯಗಳ ಡ್ರೋನು ಸರಬರಾಜಿನ ನಲ್ಲಿಯ ಮೇಲೆ ಕೈ ಇಟ್ಟುಕೊಂಡು ಕೂತಿದೆ. ಬೀಜಿಂಗ್ ಅದನ್ನು ಪೂರ್ತಿ ತಿರುಗಿಸಿಲ್ಲ. ತಿರುಗಿಸಬಹುದು ಎಂಬುದು ಎಲ್ಲರಿಗೂ ಗೊತ್ತಿರುವುದೇ ಅದಕ್ಕೆ ಸಾಕು.

ಹಳೆಯ ಮದ್ದುಗುಂಡಿನ ಕಥೆಯೂ ಇದನ್ನೇ ಹೇಳುತ್ತದೆ. 2023ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ಒಂದು ವರ್ಷದೊಳಗೆ ಉಕ್ರೇನಿಗೆ 10 ಲಕ್ಷ ಫಿರಂಗಿ ಶೆಲ್ ಕೊಡುವುದಾಗಿ ಮಾತು ಕೊಟ್ಟಿತು. ಗಡುವಿನೊಳಗೆ ಕೊಡಲು ಆದದ್ದು ಸುಮಾರು ಅರ್ಧ. ಶೀತಲಸಮರ ಮುಗಿದ ಮೇಲೆ ಕಾರ್ಖಾನೆಗಳನ್ನು ಮುಚ್ಚಿದ್ದವರಿಗೆ ಹಣವಿತ್ತು, ಮನಸ್ಸೂ ಇತ್ತು, ಯಂತ್ರಗಳ ಸಾಲು ಇರಲಿಲ್ಲ. ಇತ್ತ ಶಾಹೆದ್ ಡ್ರೋನನ್ನು ಇರಾನಿನಿಂದ ತರಿಸಿಕೊಳ್ಳುತ್ತಿದ್ದ ರಷ್ಯಾ ತಾತಾರ್‌ಸ್ತಾನದ ಯೆಲಾಬುಗಾದಲ್ಲಿ ದೊಡ್ಡ ಕಾರ್ಖಾನೆಯನ್ನೇ ಎಬ್ಬಿಸಿತು. ಡ್ರೋನು ದುರ್ಬಲರ ಅಸ್ತ್ರವೆಂದು ಬಗೆದವರು ಗಮನಿಸಬೇಕಾದದ್ದು ಇದನ್ನೇ: ಅಸ್ತ್ರ ಯಶಸ್ವಿಯಾದೊಡನೆ ಬಲಾಢ್ಯನೂ ಅದನ್ನು ಕೈಗೆತ್ತಿಕೊಳ್ಳುತ್ತಾನೆ, ಇನ್ನೂ ದೊಡ್ಡ ಲೆಕ್ಕದಲ್ಲಿ.

ಕನ್ನಡಿಗರಿಗೆ ಇದು ಪರಿಚಯವಿರಬೇಕಾದ ಪಾಠ. ಹೈದರ್ ಮತ್ತು ಟಿಪ್ಪುವಿನ ಕಾಲದ ಮೈಸೂರಿನ ರಾಕೆಟ್ಟುಗಳು, ಅವುಗಳ ಕಬ್ಬಿಣದ ಕೊಳವೆಯಿಂದಾಗಿ, ಆಗ ಯುರೋಪಿನಲ್ಲಿದ್ದವುಗಳಿಗಿಂತ ದೂರ ಹಾರುತ್ತಿದ್ದವು. 1780ರ ಪೊಲ್ಲಿಲೂರು ಯುದ್ಧದಲ್ಲಿ ಕಂಪನಿ ಸೈನ್ಯ ಸೋತು ಸುಣ್ಣವಾದದ್ದರಲ್ಲಿ ಅವುಗಳ ಪಾಲಿದೆ. ಈ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೂಬೇಕು. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರ ಸೇರಿದವು. ವಿಲಿಯಂ ಕಾಂಗ್ರೀವ್ ಅವನ್ನು ತಿದ್ದಿ, ಅಳತೆ ಕಟ್ಟಿ, ಯಂತ್ರದಿಂದ ಸಾವಿರಗಟ್ಟಲೆ ಮಾಡಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅವುಗಳ ಬೆಂಕಿಯಲ್ಲಿ ಬೆಂದಿತು. ಕಲ್ಪನೆ ಮೈಸೂರಿನದು, ಕಾರ್ಖಾನೆ ಬ್ರಿಟನ್ನಿನದು; ಕಾರ್ಖಾನೆ ಗೆದ್ದಿತು. ಟಿಪ್ಪು ಸೋತದ್ದಕ್ಕೆ ಬೇರೆ ಕಾರಣಗಳು ಹಲವಿವೆ, ರಾಕೆಟ್ಟನ್ನೇ ಹೊಣೆ ಮಾಡುವುದು ಸರಿಯಲ್ಲ. ಆದರೆ ಹೊಸ ಅಸ್ತ್ರ ಕಂಡುಹಿಡಿದವನಿಗೇ ಬಲ ಉಳಿಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ ಎನ್ನಲು ಇಷ್ಟು ಸಾಕು.

ಇಲ್ಲಿ ಓದುಗರೊಬ್ಬರು ತಡೆದು ಕೇಳಬಹುದು: ಇದರಲ್ಲಿ ಹೊಸತೇನು? ಸರಬರಾಜುದಾರ ಯಾವ ಕಾಲದಲ್ಲಿ ಪ್ರಬಲನಾಗಿರಲಿಲ್ಲ? 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಅರ್ಜೆಂಟೀನಾದ ಬಳಿ ವಿಮಾನದಿಂದ ಹಾರಿಸುವ ಫ್ರಾನ್ಸಿನ ಎಕ್ಸೊಸೆ ಕ್ಷಿಪಣಿಗಳಿದ್ದದ್ದು ಐದೇ. ಅವುಗಳಿಂದಲೇ ಅದು ಬ್ರಿಟನ್ನಿನ ಶೆಫೀಲ್ಡ್ ಯುದ್ಧನೌಕೆಯನ್ನೂ ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗನ್ನೂ ಹೊಡೆದು ಕಳೆಯಿತು. ಫ್ರಾನ್ಸ್ ಆರನೆಯದನ್ನು ಕೊಡಲಿಲ್ಲ. 1965ರಲ್ಲಿ ಅಮೆರಿಕ ಭಾರತ–ಪಾಕಿಸ್ತಾನ ಎರಡಕ್ಕೂ ಶಸ್ತ್ರ ನಿಲ್ಲಿಸಿದಾಗ ಹೆಚ್ಚು ಪೆಟ್ಟು ತಿಂದದ್ದು ಅಮೆರಿಕನ್ ಟ್ಯಾಂಕು, ವಿಮಾನಗಳನ್ನೇ ನೆಚ್ಚಿದ್ದ ಪಾಕಿಸ್ತಾನ. ಆಕ್ಷೇಪ ನ್ಯಾಯವಾದದ್ದು. ಆದರೆ ಈ ಉದಾಹರಣೆಗಳಲ್ಲೇ ವ್ಯತ್ಯಾಸವೂ ಅಡಗಿದೆ. ಫ್ರಾನ್ಸಿಗೆ ಆರನೆಯ ಕ್ಷಿಪಣಿ ನಿರಾಕರಿಸಲು ಸಾಧ್ಯವಿತ್ತು, ಕೊಟ್ಟಾಗಿದ್ದ ಐದನ್ನು ಕೆಡಿಸಲು ಸಾಧ್ಯವಿರಲಿಲ್ಲ. ಒಮ್ಮೆ ಕೈಗೆ ಬಂದ ಬಂದೂಕು ಹಿಡಿದವನದು. ಇಂದಿನ ಶಸ್ತ್ರ ಹಾಗಲ್ಲ. ಅದು ಅರ್ಧ ವಸ್ತು, ಅರ್ಧ ಸೇವೆ. ಉಪಗ್ರಹದ ಸಂಪರ್ಕ, ಗುರಿಯ ಚಿತ್ರ, ತಂತ್ರಾಂಶದ ಪರಿಷ್ಕರಣೆ ಇವು ದಿನದಿನವೂ ಬೇರೆಲ್ಲಿಂದಲೋ ಹರಿದು ಬರುತ್ತಿರಬೇಕು. ಆ ಹರಿವು ನಿಂತ ಗಳಿಗೆಯಲ್ಲಿ ಗೋದಾಮಿನಲ್ಲಿರುವ ಶಸ್ತ್ರವೂ ಅರೆಜೀವವಾಗುತ್ತದೆ.

ಉಕ್ರೇನ್ ಇದನ್ನು ಮೊದಲ ದಿನವೇ ಕಂಡಿತು. 2022ರ ಫೆಬ್ರುವರಿ 24ರಂದು, ರಷ್ಯಾದ ಟ್ಯಾಂಕುಗಳು ಗಡಿ ದಾಟುವ ಹೊತ್ತಿಗೆ, ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲಕ್ಕೆ ಸೈಬರ್ ದಾಳಿಯಾಗಿ ಸಾವಿರಾರು ಮೋಡೆಮ್‌ಗಳು ಸತ್ತವು. ಯುದ್ಧಕ್ಕೆ ಸಂಬಂಧವೇ ಇಲ್ಲದ ಜರ್ಮನಿಯಲ್ಲಿ 5,800 ಗಾಳಿಯಂತ್ರಗಳ ದೂರನಿಯಂತ್ರಣ ತಪ್ಪಿಹೋಯಿತು. ಎರಡು ದಿನ ಕಳೆದು ಉಕ್ರೇನಿನ ಸಚಿವ ಮಿಖಾಯಿಲೊ ಫೆಡೊರೊವ್ ಎಲಾನ್ ಮಸ್ಕ್‌ಗೆ ಟ್ವಿಟರ್‌ನಲ್ಲೇ ಬಹಿರಂಗ ಮೊರೆಯಿಟ್ಟರು, ಮಸ್ಕ್ ಕಂಪನಿಯ ಉಪಗ್ರಹ ಸಂಪರ್ಕ ಜಾಲ ಸ್ಟಾರ್‌ಲಿಂಕ್ ಬಂತು. ಸೈನ್ಯದ ನರಮಂಡಲವೇ ಅದಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕ್ರಿಮಿಯಾದ ರಷ್ಯನ್ ಹಡಗುಗಳತ್ತ ಕಡಲ ಡ್ರೋನು ಬಿಡಲು ಆ ಪ್ರದೇಶದಲ್ಲೂ ಸಂಪರ್ಕ ಬೇಕೆಂದು ಉಕ್ರೇನ್ ಕೇಳಿದಾಗ ಮಸ್ಕ್ ಒಪ್ಪಲಿಲ್ಲ. ಯುದ್ಧ ಇನ್ನಷ್ಟು ಭುಗಿಲೇಳುವುದರಲ್ಲಿ ತನ್ನ ಕಂಪನಿ ಪಾಲುದಾರನಾಗಬಾರದು ಎಂಬುದು ಅವರು ಕೊಟ್ಟ ಕಾರಣ. ಆ ತೀರ್ಮಾನ ವಿವೇಕದ್ದೋ ಅವಿವೇಕದ್ದೋ ಎಂಬುದಕ್ಕಿಂತ ಅದನ್ನು ತೆಗೆದುಕೊಂಡವರು ಯಾರು ಎಂಬುದು ದೊಡ್ಡ ಪ್ರಶ್ನೆ. ಒಂದು ದೇಶದ ನೌಕಾ ಕಾರ್ಯಾಚರಣೆಯ ಗಡಿಯನ್ನು, ಯಾವ ಮತದಾರನಿಗೂ ಉತ್ತರಿಸಬೇಕಿಲ್ಲದ ಇನ್ನೊಂದು ದೇಶದ ಉದ್ಯಮಿ ಗುರುತಿಸಿದರು. 2023ರಲ್ಲಿ ಪೆಂಟಗನ್ ಸ್ಟಾರ್‌ಲಿಂಕ್ ಜೊತೆ ಗುತ್ತಿಗೆ ಮಾಡಿಕೊಂಡು ಈ ವಿಚಿತ್ರವನ್ನು ಸ್ವಲ್ಪ ನೇರಗೊಳಿಸಿತು. ಆದರೆ ಕಂಪನಿಯ ಬದಲು ಸರ್ಕಾರ ಬಂದರೆ ಅವಲಂಬನೆ ಕರಗುವುದಿಲ್ಲ. 2025ರ ಫೆಬ್ರುವರಿ 28ರಂದು ಶ್ವೇತಭವನದಲ್ಲಿ ಟ್ರಂಪ್ ಮತ್ತು ಝೆಲೆನ್‌ಸ್ಕಿ ಕ್ಯಾಮೆರಾಗಳ ಮುಂದೆಯೇ ವಾಗ್ವಾದಕ್ಕಿಳಿದ ಕೆಲವೇ ದಿನಗಳಲ್ಲಿ ಅಮೆರಿಕ ಶಸ್ತ್ರ ನೆರವಿನ ಜೊತೆ ಗುಪ್ತಚರ ಮಾಹಿತಿಯನ್ನೂ ನಿಲ್ಲಿಸಿತು. ಅಮೆರಿಕ ಸರ್ಕಾರದ ಮೂಲಕ ಸಿಗುತ್ತಿದ್ದ ಮ್ಯಾಕ್ಸಾರ್ ಕಂಪನಿಯ ಉಪಗ್ರಹ ಚಿತ್ರಗಳೂ ಉಕ್ರೇನಿಗೆ ಸಿಗದಾದವು. ಮಾರ್ಚ್ 11ರಂದು ಜೆದ್ದಾದಲ್ಲಿ ಉಕ್ರೇನ್ ಕದನವಿರಾಮದ ಪ್ರಸ್ತಾಪಕ್ಕೆ ಒಪ್ಪಿದ ಮೇಲೆ ಎಲ್ಲವೂ ಮತ್ತೆ ಹರಿಯತೊಡಗಿದವು. ಮಿತ್ರದೇಶವನ್ನು ಮಣಿಸಲು ಒಂದು ವಾರ ಸಾಕಾಯಿತು.

ಇದಕ್ಕೆ ಎದುರಾಗಿ ಅತ್ಯಂತ ಬಲವಾದ ಆಕ್ಷೇಪ ಯೆಮನ್ನಿನಿಂದ ಬರುತ್ತದೆ. ಅಲ್ಲಿನ ಹೂತಿ ಬಂಡುಕೋರರ ಕೈಯಲ್ಲಿ ಉಪಗ್ರಹವಿಲ್ಲ, ಚಿಪ್ ಕಾರ್ಖಾನೆಯಿಲ್ಲ, ಅವರ ಸರ್ಕಾರಕ್ಕೆ ಜಗತ್ತಿನ ಮಾನ್ಯತೆಯೂ ಇಲ್ಲ. ಆದರೂ 2023ರ ನವೆಂಬರ್‌ನಿಂದ ಅವರು ಡ್ರೋನು–ಕ್ಷಿಪಣಿಗಳಿಂದ ಕೆಂಪುಸಮುದ್ರದ ಹಡಗು ಹಾದಿಯನ್ನೇ ಕೆಡಿಸಿದರು. ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿಯನ್ನು ಸುತ್ತಿ ಬರತೊಡಗಿದವು. ಈಜಿಪ್ಟಿನ ಕಾಲುವೆ ಆದಾಯ ಅರ್ಧಕ್ಕಿಂತ ಕೆಳಗಿಳಿಯಿತು. ಅಮೆರಿಕದ ನೌಕೆಗಳು ಅಗ್ಗದ ಡ್ರೋನಿಗೆ ಸುಮಾರು 20 ಲಕ್ಷ ಡಾಲರಿನ ಕ್ಷಿಪಣಿಗಳನ್ನು ಹಾರಿಸಿದವು. ತಿಂಗಳುಗಟ್ಟಲೆ ಬಾಂಬು ಹಾಕಿಯೂ ಹೂತಿಗಳು ಮಣಿಯದೆ, 2025ರ ಮೇನಲ್ಲಿ ಒಮಾನ್ ಮಧ್ಯಸ್ಥಿಕೆಯಿಂದ ಅಮೆರಿಕವೇ ದಾಳಿ ನಿಲ್ಲಿಸಿತು. ಈ ಕಿಡಿ ನಮ್ಮ ಕರಾವಳಿಯತ್ತಲೂ ಹಾರಿತ್ತು: 2023ರ ಡಿಸೆಂಬರ್ 23ರಂದು ಮಂಗಳೂರಿಗೆ ಕಚ್ಚಾತೈಲ ತರುತ್ತಿದ್ದ ಕೆಮ್ ಪ್ಲೂಟೊ ಹಡಗು ಗುಜರಾತಿನ ಆಚೆ, ಅರಬ್ಬಿ ಸಮುದ್ರದಲ್ಲಿ ಡ್ರೋನಿನ ಹೊಡೆತ ತಿಂದಿತು. ಅದರಲ್ಲಿದ್ದ ನಾವಿಕರಲ್ಲಿ ಹೆಚ್ಚಿನವರು ಭಾರತೀಯರು. ಆ ಡ್ರೋನು ಇರಾನಿನಿಂದಲೇ ಬಂದದ್ದೆಂದು ಪೆಂಟಗನ್ ಆರೋಪಿಸಿತು, ಇರಾನ್ ಒಪ್ಪಲಿಲ್ಲ.

ಈ ಆಕ್ಷೇಪದ ಮುಂದೆ ನನ್ನ ವಾದ ಒಂದು ಹೆಜ್ಜೆ ಹಿಂದೆ ಸರಿಯಲೇಬೇಕು. ಅಗ್ಗದ ಶಸ್ತ್ರ ದುರ್ಬಲನಿಗೆ ಕೆಡಿಸುವ ಬಲ ಕೊಟ್ಟಿದೆ, ಅದೂ ಹಿಂದೆಂದೂ ಇಲ್ಲದಷ್ಟು. ಹಾದಿ ಮುಚ್ಚಬಲ್ಲ, ವ್ಯಾಪಾರ ಕೆಡಿಸಬಲ್ಲ, ಬಲಾಢ್ಯನನ್ನು ಸುಸ್ತು ಮಾಡಬಲ್ಲ. ಆದರೆ ಹೂತಿಗಳು ಇದರಿಂದ ಒಂದು ಹಡಗು ಹಾದಿಯನ್ನು ತಮ್ಮದಾಗಿ ನಡೆಸುವ ಶಕ್ತಿ ಗಳಿಸಲಿಲ್ಲ. ಇಸ್ರೇಲ್ ಹೊದೈದಾ ಬಂದರನ್ನು ಹೊಡೆದಾಗ ಅದನ್ನು ಕಾಯಲೂ ಆಗಲಿಲ್ಲ. ಅವರ ಕ್ಷಿಪಣಿಯ ಬಿಡಿಭಾಗಗಳು ಬರುವುದು ಬಹುಪಾಲು ಇರಾನಿನಿಂದ. 2024ರ ಜನವರಿಯಲ್ಲಿ ಸೊಮಾಲಿಯದ ಆಚೆ ಅಮೆರಿಕದ ಕಮಾಂಡೊಗಳು ಹಿಡಿದ ಹಾಯಿದೋಣಿಯಲ್ಲಿ ಅವು ಸಿಕ್ಕವು. ಅಂದರೆ ದುರ್ಬಲನ ಹಿಂದೆ ಇನ್ನೊಬ್ಬ ಸರಬರಾಜುದಾರ ನಿಂತಿರುತ್ತಾನೆ. ಅವನ ಲೆಕ್ಕವೇ ಬೇರೆಯಿರುತ್ತದೆ. ಹೊರಗಿನಿಂದ ಬರುವ ವಸ್ತುವನ್ನು ನಂಬಿದವನ ಗತಿ ಎಲ್ಲಿಯವರೆಗೆ ಹೋಗಬಹುದು ಎಂಬುದನ್ನು ಲೆಬನಾನ್ 2024ರ ಸೆಪ್ಟೆಂಬರ್ 17ರಂದು ಕಂಡಿತು. ಮೊಬೈಲಿನ ಜಾಡು ಹಿಡಿಯುತ್ತಾರೆಂದು ಹೆದರಿ ಹಳೆಯ ಕಾಲದ ಪೇಜರ್ ಹಿಡಿದಿದ್ದ, ಅಲ್ಲಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾದವರ ಜೇಬು, ಸೊಂಟಗಳಲ್ಲೇ ಅವು ಸಿಡಿದವು. ಮರುದಿನ ವಾಕಿಟಾಕಿಗಳು. ಸತ್ತವರಲ್ಲಿ ಮಕ್ಕಳೂ ಇದ್ದರು. ಪೇಜರ್ ಮೇಲಿದ್ದ ಹೆಸರು ತೈವಾನಿನ ಕಂಪನಿಯದು. ಒಳಗೆ ಸಿಡಿಮದ್ದು ತುಂಬಿ ಸರಬರಾಜಿನ ಸರಪಳಿಗೆ ಸೇರಿಸಿದ್ದು ಇಸ್ರೇಲ್. ತಂತ್ರಜ್ಞಾನದಲ್ಲಿ ಹಿಂದಕ್ಕೆ ಹೋಗುವುದರಿಂದಲೂ ಬಿಡುಗಡೆ ಇಲ್ಲ ಎಂದಾಯಿತು.

ಇನ್ನೊಂದು ಆಕ್ಷೇಪ ತದ್ವಿರುದ್ಧ ದಿಕ್ಕಿನದು. ಸರಬರಾಜುದಾರನಿಗೆ ಅಷ್ಟು ಹಿಡಿತವಿದ್ದರೆ, ಇಷ್ಟೆಲ್ಲ ನಿರ್ಬಂಧಗಳ ನಡುವೆಯೂ ಕೆಳಗೆ ಬಿದ್ದ ಶಾಹೆದ್‌ಗಳೊಳಗೆ ಅಮೆರಿಕ, ಯುರೋಪಿನ ಕಂಪನಿಗಳ ಚಿಪ್ಪುಗಳು ಸಿಗುತ್ತಿರುವುದು ಹೇಗೆ? ಪ್ರಶ್ನೆ ಸರಿಯಾಗಿದೆ. ಬಟ್ಟೆ ಒಗೆಯುವ ಯಂತ್ರಕ್ಕೂ ಕ್ಷಿಪಣಿಗೂ ಹೊಂದುವ ಸಾಮಾನ್ಯ ಚಿಪ್ಪನ್ನು ಯಾವ ಕಸ್ಟಮ್ಸ್ ಅಧಿಕಾರಿಯೂ ತಡೆಯಲಾರ. ಕೈಯಿಂದ ಕೈಗೆ, ದೇಶದಿಂದ ದೇಶಕ್ಕೆ ದಾಟಿ ಅದು ಹೇಗಾದರೂ ತಲುಪುತ್ತದೆ. ಆದ್ದರಿಂದ ಎಲ್ಲ ಸರಬರಾಜನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸೋರುವಂಥದ್ದು ಒಂದು ಬಗೆ, ಸೋರದಂಥದ್ದು ಇನ್ನೊಂದು. ಉಪಗ್ರಹ ಸೇವೆ, ಜೆಟ್ ಎಂಜಿನ್, ಅತಿ ಸೂಕ್ಷ್ಮ ಚಿಪ್ ಕೆತ್ತುವ ಯಂತ್ರ ಇವನ್ನು ಸೂಟ್‌ಕೇಸಿನಲ್ಲಿ ಕದ್ದು ಸಾಗಿಸಲಾಗದು. ಚಿಪ್ ಕೆತ್ತುವ ಆ ಯಂತ್ರವನ್ನು ಮಾಡುವುದು ಜಗತ್ತಿನಲ್ಲಿ ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್ ಒಂದೇ; ಅತ್ಯಾಧುನಿಕ ಚಿಪ್ಪುಗಳ ಬಹುಪಾಲು ತಯಾರಾಗುವುದು ತೈವಾನಿನಲ್ಲಿ. ಸೋರುವ ವಸ್ತುವೂ ಲಕ್ಷಗಟ್ಟಲೆ ಬೇಕಾದಾಗ ಕಳ್ಳದಾರಿಗೆ ಭಾರವಾಗುತ್ತದೆ. ನೂರು ಕ್ಷಿಪಣಿಗೆ ಬೇಕಾದ ಚಿಪ್ಪು ಕದ್ದು ತರಬಹುದು, ಹತ್ತು ಲಕ್ಷ ಡ್ರೋನಿಗೆ ಬೇಕಾದ ನಲವತ್ತು ಲಕ್ಷ ಮೋಟರುಗಳನ್ನು ತರಲಾಗದು.

ಈ ವ್ಯತ್ಯಾಸವನ್ನು ಬಲ್ಲ ಎರಡು ದೇಶಗಳು ಒಬ್ಬರ ಜುಟ್ಟನ್ನು ಇನ್ನೊಬ್ಬರು ಹಿಡಿದುಕೊಂಡಿವೆ. 2022ರ ಅಕ್ಟೋಬರ್ 7ರಂದು ಅಮೆರಿಕ ಚೀನಾಕ್ಕೆ ಹೋಗುವ ಮುಂದುವರಿದ ಚಿಪ್ಪುಗಳಿಗೂ ಅವನ್ನು ಮಾಡುವ ಯಂತ್ರಗಳಿಗೂ ತಡೆ ಒಡ್ಡಿತು. ಚೀನಾ 2023ರ ಆಗಸ್ಟ್‌ನಿಂದ ಗ್ಯಾಲಿಯಂ, ಜರ್ಮೇನಿಯಂ ಲೋಹಗಳ ರಫ್ತಿಗೆ ಪರವಾನಗಿ ಹೇರಿತು. 2025ರ ಏಪ್ರಿಲ್ 4ರಂದು, ಟ್ರಂಪ್ ಸುಂಕ ಘೋಷಿಸಿದ ಎರಡೇ ದಿನಕ್ಕೆ, ರೇರ್ ಅರ್ಥ್ ಎಂದು ಕರೆಯುವ ವಿರಳ ಲೋಹಗಳಲ್ಲಿ ಏಳನ್ನೂ ಅವುಗಳಿಂದಾಗುವ ಅಯಸ್ಕಾಂತಗಳನ್ನೂ ಪಟ್ಟಿಗೆ ಸೇರಿಸಿತು. ಯುದ್ಧವಿಮಾನದಿಂದ ವಿದ್ಯುತ್ ಸ್ಕೂಟರ್‌ವರೆಗೆ ಬೇಕಾಗುವ ಆ ಅಯಸ್ಕಾಂತಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಚೀನಾದವು. ತಿಂಗಳೊಪ್ಪತ್ತಿನಲ್ಲಿ ಎರಡೂ ಕಡೆಯವರು ಜಿನೀವಾದಲ್ಲಿ ಮಾತಿಗೆ ಕೂತರು. ಪರಸ್ಪರ ಅವಲಂಬನೆ ಶಾಂತಿ ತರುತ್ತದೆ ಎನ್ನುವವರಿಗೆ ಇದು ಸಮಾಧಾನ ಕೊಡಬಹುದು, ಆ ಇಬ್ಬರ ಮಟ್ಟಿಗೆ ಅದು ನಿಜವೂ ಇರಬಹುದು. ಹಿಡಿಯಲು ಇನ್ನೊಬ್ಬರ ಜುಟ್ಟೇ ಇಲ್ಲದ ದೇಶಗಳ ಮಾತು ಬೇರೆ. ಆ ಏಪ್ರಿಲ್ ನಂತರ ಭಾರತದ ವಾಹನ ಕಂಪನಿಗಳು ಅಯಸ್ಕಾಂತಕ್ಕಾಗಿ ಬೀಜಿಂಗ್‌ನ ಪರವಾನಗಿ ಕಾಯುತ್ತ ಕೂತವು, ಆ ಜಗಳದಲ್ಲಿ ನಮ್ಮ ಪಾತ್ರ ಏನೂ ಇಲ್ಲದೆ.

ಭಾರತದ ಸ್ಥಿತಿಯನ್ನು 2025ರ ಮೇ ತಿಂಗಳ ನಾಲ್ಕು ದಿನಗಳು ತೆರೆದು ತೋರಿಸಿದವು. ಭಾರತ ಪಾಕಿಸ್ತಾನದ ಮೇಲೆ ನಡೆಸಿದ ಆಪರೇಷನ್ ಸಿಂಧೂರ ದಾಳಿಯ ನಂತರ ಮೇ 8ರ ರಾತ್ರಿ ಪಾಕಿಸ್ತಾನ 36 ಕಡೆ 300ರಿಂದ 400 ಡ್ರೋನುಗಳನ್ನು ಬಿಟ್ಟಿತು, ಅವು ಟರ್ಕಿಯ ಸೊಂಗರ್ ಮಾದರಿಯವು ಎಂದು ಭಾರತ ಹೇಳಿತು. ಬೆಂಗಳೂರಿನ ಕಂಪನಿಯೊಂದು ಇಸ್ರೇಲಿನ ಎಲ್ಬಿಟ್ ಜೊತೆ ಸೇರಿ ತಯಾರಿಸುವ ಸ್ಕೈಸ್ಟ್ರೈಕರ್ ನಮ್ಮ ಕಡೆಯಿಂದ ಬಳಕೆಯಾಯಿತೆಂದು ವರದಿಗಳು ಬಂದವು. ಡ್ರೋನಿನ ಸಿಟ್ಟು ಬೇರೆ ಕಡೆಗೂ ಹರಿಯಿತು: ಬೆಂಗಳೂರು ಸೇರಿ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಸರಕು–ಸಾಮಾನು ನಿಭಾಯಿಸುತ್ತಿದ್ದ ಟರ್ಕಿ ಮೂಲದ ಚೆಲೆಬಿ ಸಂಸ್ಥೆಯ ಭದ್ರತಾ ಅನುಮತಿಯನ್ನು ಕೇಂದ್ರ ಸರ್ಕಾರ ಹಿಂತೆಗೆದುಕೊಂಡಿತು. ಆದರೆ ಇವೆಲ್ಲಕ್ಕಿಂತ ಗಂಭೀರವಾದದ್ದು ಜುಲೈನಲ್ಲಿ ಭೂಸೇನೆಯ ಉಪಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ರಾಹುಲ್ ಆರ್. ಸಿಂಗ್ ಬಹಿರಂಗವಾಗಿ ಹೇಳಿದ ಮಾತು. ನಮ್ಮ ಪಡೆಗಳ ಚಲನವಲನದ ಮಾಹಿತಿ ಕದನದ ನಡುವೆಯೇ ಚೀನಾದಿಂದ ಪಾಕಿಸ್ತಾನಕ್ಕೆ ಸಿಗುತ್ತಿತ್ತು ಎಂದರು ಅವರು. ಶಸ್ತ್ರ ಮಾರಿ ಸುಮ್ಮನಾಗುವ ಮಿತ್ರನ ಕಾಲ ಹೋಯಿತು. ಗಡಿ ದಾಟದೆ, ಗುಂಡು ಹಾರಿಸದೆ ಯುದ್ಧದೊಳಗಿರುವ ಮೂರನೆಯವನ ಕಾಲ ಬಂದಿದೆ. ಅವನನ್ನು ಯುದ್ಧದಲ್ಲಿ ಭಾಗಿಯೆಂದು ಕರೆಯಬೇಕೇ ಎಂಬುದಕ್ಕೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಸ್ಪಷ್ಟ ಉತ್ತರವಿಲ್ಲ. ಉಕ್ರೇನಿಗೆ ಅಮೆರಿಕ ಮಾಡಿದ್ದೂ ಇದನ್ನೇ ಎಂಬುದರಿಂದ ಉತ್ತರ ಹುಡುಕುವ ಆತುರ ಯಾವ ದೊಡ್ಡ ದೇಶಕ್ಕೂ ಇಲ್ಲ.

ಹಾಗಾದರೆ ಎಲ್ಲವನ್ನೂ ನಾವೇ ಮಾಡಿಕೊಂಡರಾಯಿತು ಎನ್ನುತ್ತದೆ ಆತ್ಮನಿರ್ಭರತೆಯ ಘೋಷಣೆ. ಅದರ ಕಷ್ಟ ಬೆಂಗಳೂರಿಗೆ ಗೊತ್ತಿರುವಷ್ಟು ಬೇರೆ ಊರಿಗೆ ಗೊತ್ತಿಲ್ಲ. 83 ತೇಜಸ್ ಮಾರ್ಕ್–1ಎ ವಿಮಾನಗಳಿಗೆ ಎಚ್‌ಎಎಲ್ ಜೊತೆ 2021ರ ಫೆಬ್ರುವರಿಯಲ್ಲಿ ಒಪ್ಪಂದವಾಯಿತು, ಅವುಗಳಿಗೆ ಬೇಕಾದ 99 ಎಂಜಿನ್‌ಗಳಲ್ಲಿ ಮೊದಲನೆಯದು ಅಮೆರಿಕದ ಜಿಇಯಿಂದ ಬಂದದ್ದು 2025ರ ಮಾರ್ಚ್ ಕೊನೆಗೆ. ಅಮೆರಿಕ ಇಲ್ಲಿ ಕೈಕೊಟ್ಟದ್ದಲ್ಲ, ಕಾರ್ಖಾನೆಯ ತೊಡಕು ಅಷ್ಟೇ. ಪರಿಣಾಮ ಮಾತ್ರ ಒಂದೇ. ನಮ್ಮದೇ ದಿಕ್ಸೂಚಿ ಜಾಲವಾಗಿ ಇಸ್ರೊ ಕಟ್ಟಿದ ನಾವಿಕ್‌ನ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟುಹೋದವು, ಅವು ಸ್ವಿಟ್ಜರ್‌ಲೆಂಡಿನಿಂದ ತರಿಸಿದ್ದವು. ಸ್ವದೇಶಿ ಗಡಿಯಾರ ಹೊತ್ತ ಎನ್‌ವಿಎಸ್–01 ಹಾರಲು 2023ರ ಮೇ ಬರಬೇಕಾಯಿತು. 2025ರ ಜನವರಿಯಲ್ಲಿ ಹಾರಿದ ಅದರ ಮುಂದಿನ ಉಪಗ್ರಹ ಉದ್ದೇಶಿತ ಕಕ್ಷೆ ಸೇರಲಿಲ್ಲ. ಇದು ವಿಜ್ಞಾನಿಗಳನ್ನು ದೂರುವ ಮಾತಲ್ಲ. ಇಂಥ ವಸ್ತುಗಳನ್ನು ಕರಗತ ಮಾಡಿಕೊಳ್ಳಲು ಸರ್ಕಾರಗಳ ಐದು ವರ್ಷದ ಲೆಕ್ಕ ಸಾಲದು ಎಂಬುದಷ್ಟೇ. ಇತ್ತ 2022ರ ಫೆಬ್ರುವರಿಯಲ್ಲಿ ಸರ್ಕಾರ ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಿತು, ಬಿಡಿಭಾಗಗಳ ಆಮದನ್ನು ಬಿಟ್ಟುಕೊಟ್ಟಿತು. ಹೊರಮೈ ಭಾರತದ್ದು, ಒಳಗರುಳು ಎಲ್ಲಿಯದಾದರೂ ಸರಿ ಎಂಬಂತಾಯಿತು. ಚೀನಾದ ಬಿಡಿಭಾಗಗಳು ಇದ್ದವೆಂದು 2025ರ ಆರಂಭದಲ್ಲಿ ಸೇನೆಯ 400 ಡ್ರೋನುಗಳ ಗುತ್ತಿಗೆ ರದ್ದಾದ ಸುದ್ದಿ ಬಂದಾಗ ಅಚ್ಚರಿಪಡಲು ಕಾರಣವೇನೂ ಇರಲಿಲ್ಲ.

ಎಲ್ಲವನ್ನೂ ಮಾಡಿಕೊಳ್ಳುವುದು ಅಮೆರಿಕಕ್ಕೂ ಸಾಧ್ಯವಾಗಿಲ್ಲ, ನಮಗೂ ಸಾಧ್ಯವಾಗದು. ಅದನ್ನು ಗುರಿಯೆಂದು ಸಾರುವುದೇ ತಪ್ಪು. ಕೇಳಬೇಕಾದ ಪ್ರಶ್ನೆಗಳು ಸಣ್ಣವು, ಬೇಸರ ತರಿಸುವಂಥವು. ಯಾವ ಬಿಡಿಭಾಗ ಒಂದೇ ದೇಶದಿಂದ ಬರುತ್ತಿದೆ? ಕದನದ ನಡುವೆ ಅದು ನಿಂತರೆ ಎಷ್ಟು ವಾರ ತಡೆದುಕೊಳ್ಳಬಹುದು? ನಿಲ್ಲಿಸುವವನಿಗೆ ನಮ್ಮಿಂದ ಏನಾದರೂ ಬೇಕಾಗಿದೆಯೇ? ರಫೇಲ್ ಬಂದಿಳಿದಾಗ ಮೆರವಣಿಗೆ ಮಾಡುವ ನಮ್ಮ ಸುದ್ದಿವಾಹಿನಿಗಳು ಈ ಪಟ್ಟಿ ಕೇಳುವುದಿಲ್ಲ. ಸಂಸತ್ತಿನ ಚರ್ಚೆಯಲ್ಲೂ ಖರೀದಿಯ ಬೆಲೆಗೆ ಸಿಗುವಷ್ಟು ಹೊತ್ತು ಬಿಡಿಭಾಗದ ಮೂಲಕ್ಕೆ ಸಿಗುವುದಿಲ್ಲ. ಅಂತರರಾಷ್ಟ್ರೀಯ ಕಟ್ಟಳೆಯನ್ನು ನಂಬೋಣವೆಂದರೆ, ಶಸ್ತ್ರಕ್ಕೂ ನಾಗರಿಕ ಬಳಕೆಗೂ ಸಲ್ಲುವ ವಸ್ತುಗಳ ರಫ್ತನ್ನು ನಿಗಾ ಮಾಡುವ ವಾಸೆನಾರ್ ಒಕ್ಕೂಟಕ್ಕೆ ಭಾರತ 2017ರ ಡಿಸೆಂಬರ್‌ನಲ್ಲಿ ಸೇರಿತು. ಡ್ರೋನಿನ ಮೋಟರು ಮಾಡುವ ಚೀನಾ ಅದರಲ್ಲಿಲ್ಲ. ಯುದ್ಧದಲ್ಲಿರುವ ರಷ್ಯಾ ಇದೆ. ತೀರ್ಮಾನಕ್ಕೆ ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಆದ್ದರಿಂದ ಪಟ್ಟಿಗಳು ತಯಾರಾಗುವುದು ವಾಷಿಂಗ್ಟನ್ನಿನಲ್ಲಿ ಒಂದು, ಬೀಜಿಂಗ್‌ನಲ್ಲಿ ಇನ್ನೊಂದು. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ವಿರಳ ಲೋಹದ ಅಯಸ್ಕಾಂತಗಳನ್ನು ದೇಶದಲ್ಲೇ ವರ್ಷಕ್ಕೆ 6,000 ಟನ್ ತಯಾರಿಸುವ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಕಾರ್ಖಾನೆಗಳು ಎದ್ದು ನಿಲ್ಲಲು ವರ್ಷಗಳು ಹಿಡಿಯುತ್ತವೆ. ಅಷ್ಟರೊಳಗೆ ಬ್ಯಾಟರಿಯ ಕೋಶ, ಕ್ಯಾಮೆರಾದ ಸಂವೇದಕ, ನಿಯಂತ್ರಣ ಫಲಕದ ಚಿಪ್ಪು ಇವುಗಳಿಗೂ ಇಂಥದೊಂದು ಲೆಕ್ಕ ಬೇಕಾಗುತ್ತದೆ, ಆ ಏಪ್ರಿಲ್ 4ರಂಥ ಇನ್ನೊಂದು ದಿನ ಬರುವ ಮೊದಲೇ.